ಗಾಡಿ ಹಚ್ಚುವ ಜಾಗ

ನಮ್ಮ ಕಡೆಯ ಮಂದಿ ಗಾಡಿಯನ್ನು ಪಾರ್ಕ್ ಮಾಡುವುದಿಲ್ಲ, ಹಚ್ಚುತ್ತಾರೆ. ದೀಪ ಹಚ್ಚಿದ ಹಾಗೆ, ಗಿಡ ಹಚ್ಚಿದ ಹಾಗೆ ಗಾಡಿಯನ್ನೂ ಹಚ್ಚುವುದು. ಹಾನಗಲ್ಲಿನ ಪೇಟೆಯಲ್ಲಿ ಸಂತೆಯ ದಿನ ಮಧ್ಯಾಹ್ನ ಒಂದು ತಾಸು ನಿಂತು ನೋಡಿ. ‘ಗಾಡಿ ಎಲ್ಲಿ ಹಚ್ಚೂಣ್ರಿ?’ ಎಂದು ಒಬ್ಬ ಕೇಳುತ್ತಾನೆ. ‘ಅಲ್ಲೇ ಎಲ್ಲ್ಯಾರ ಹಚ್ಚಿ ಬರ್ರಿ’ ಎಂದು ಅಂಗಡಿಯೊಳಗಿಂದ ಉತ್ತರ ಬರುತ್ತದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಊರುಗಳಲ್ಲಿ ನಿಜವಾಗಿ ಜಾರಿಯಲ್ಲಿರುವ ನಿಲುಗಡೆ ನೀತಿ ಇದೊಂದೇ: ಅಲ್ಲೇ ಎಲ್ಲ್ಯಾರ.

ಇದು ಹೀಗೇ ನಡೆಯಬಾರದು ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ, ನನಗೂ ಇಲ್ಲ. ತಕರಾರಿರುವುದು ಮದ್ದಿನ ಬಗ್ಗೆ. ಎಲ್ಲಿ ನಾಲ್ಕು ಜನ ತಿಳಿದವರು ಚಹಾಕ್ಕೆ ಕೂತರೂ ಒಂದೇ ಮಾತು ಬರುತ್ತದೆ: ‘ಹೊಸ ಕಟ್ಟಡ ಕಟ್ಟೋರು ಕಡ್ಡಾಯ ಪಾರ್ಕಿಂಗ್ ಬಿಡಬೇಕ್ರಿ. ರೂಲ್ ಐತಿ, ಜಾರಿ ಮಾಡಾವ್ರು ಇಲ್ಲ, ಅಷ್ಟ.’ ವರ್ತಕರು, ವಕೀಲರು, ನಿವೃತ್ತ ಮಾಸ್ತರರು, ಪತ್ರಿಕೆಯ ಮಿತ್ರರು ಎಲ್ಲರೂ ಒಪ್ಪಿದ ಮಾತು ಇದು. ಇಂಥ ಮಾತಿಗೆ ಅಡ್ಡ ಮಾತಾಡುವುದೆಂದರೆ ಹಿರಿಯರ ಪಂಕ್ತಿಯಲ್ಲಿ ಮೊದಲೇ ಎಲೆ ಬಿಟ್ಟು ಎದ್ದ ಹಾಗೆ. ಆದರೂ, ಕ್ಷಮೆ ಕೇಳಿಯೇ ಹೇಳುತ್ತೇನೆ: ಆ ನಿಯಮ ಇಷ್ಟು ವರ್ಷ ಸರಿಯಾಗಿ ಜಾರಿಯಾಗದೆ ಉಳಿದದ್ದು ನಮ್ಮ ಪುಣ್ಯ. ನಾಳೆ ಶಿಸ್ತಿನ ಅಧಿಕಾರಿಯೊಬ್ಬರು ಬಂದು ಅದನ್ನು ಅಕ್ಷರಕ್ಕೆ ಅಕ್ಷರ ಜಾರಿಗೆ ತಂದರೆ ನಮ್ಮ ಪೇಟೆಗಳು ಪೇಟೆಗಳಾಗಿ ಉಳಿಯುವುದಿಲ್ಲ.

ಸಿಟ್ಟಾಗುವ ಮೊದಲು ಒಂದು ಲೆಕ್ಕ ಮಾಡೋಣ. ಬೆಂಗಳೂರಿಗೆ 2007ರಲ್ಲಿ ಬಂದ ಮಹಾಯೋಜನೆಯ ವಲಯ ನಿಯಮಾವಳಿ, ಮಳಿಗೆಗಳಿಗೆ ಪ್ರತಿ 50 ಚದರ ಮೀಟರಿಗೆ ಒಂದು ಕಾರಿನ ಜಾಗ ಕೇಳುತ್ತದೆ. ಒಂದು ಕಾರಿನ ಜಾಗವೆಂದರೆ ಎರಡೂವರೆ ಮೀಟರ್ ಅಗಲ, ಐದೂವರೆ ಮೀಟರ್ ಉದ್ದ. ನಮ್ಮ ಸಣ್ಣ ಊರುಗಳ ಕಡತದಲ್ಲಿರುವ ಕೋಷ್ಟಕಗಳೂ ಹೆಚ್ಚುಕಡಿಮೆ ಇದೇ ಅಚ್ಚಿನವು. ಈಗ ಪೇಟೆಯಲ್ಲಿ ಒಂದು ಮೂವತ್ತು–ನಲವತ್ತರ ಸೈಟು ತೆಗೆದುಕೊಳ್ಳಿ. ಮೀಟರಿನಲ್ಲಿ ಅದು 9.1 ಅಗಲ, 12.2 ಉದ್ದ. ಕಾರುಗಳನ್ನು ನೇರ ಸಾಲಿಗೆ ಹಚ್ಚಿದರೆ ಅವು ಹೊರಳಿ ಒಳಗೆ ಸೇರಲು ಎದುರಿಗೆ ಆರು ಮೀಟರಿನಷ್ಟು ದಾರಿ ಬೇಕು. ಐದೂವರೆಗೆ ಆರು ಸೇರಿಸಿದರೆ ಹನ್ನೊಂದೂವರೆ. ಸೈಟಿನ ಉದ್ದ ಅಲ್ಲಿಗೇ ಮುಗಿಯಿತು. ಅಗಲದಲ್ಲಿ ಎರಡೂವರೆ ಮೀಟರಿನ ಮೂರು ಕಾರು. ಅಂದರೆ ಒಂದು ಇಟ್ಟಿಗೆಯನ್ನೂ ಇಡದೆ ಇಡೀ ಸೈಟನ್ನು ಬಯಲು ಬಿಟ್ಟರೂ ಅದರಲ್ಲಿ ನಿಲ್ಲುವುದು ಮೂರು ಕಾರು. ಅದೇ ಸೈಟಿನಲ್ಲಿ ಕೆಳಗೊಂದು ಮೇಲೊಂದು ಅಂತಸ್ತು ಎಂದು 150 ಚದರ ಮೀಟರಿನ ಮಳಿಗೆ ಕಟ್ಟಿದರೆ ನಿಯಮ ಕೇಳುವುದೂ ಮೂರೇ ಕಾರು. ಅಂಗಡಿಗಳೆಲ್ಲ ಮಹಡಿ ಹತ್ತಬೇಕು, ನೆಲವಷ್ಟೂ ಕಾರಿಗೆ ಬಿಡಬೇಕು, ಕಂಬಗಳು ಮಾತ್ರ ಗಾಳಿಯಲ್ಲಿ ನಿಲ್ಲಬೇಕು.

ಪೇಟೆಯ ಜೀವ ಇರುವುದೇ ನೆಲದ ಅಂಗಡಿಯಲ್ಲಿ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಆಳದ ಒಂದು ಮಳಿಗೆ ಎಂದರೆ 11 ಚದರ ಮೀಟರು. ಅಷ್ಟರಲ್ಲಿ ಒಬ್ಬ ದರ್ಜಿ, ಅವನ ಎರಡು ಮಷಿನ್ನು, ಒಬ್ಬ ಕಾಜ ಹಾಕುವ ಹುಡುಗ, ಒಂದು ಸಂಸಾರ. ಕಾರು ನಿಲ್ಲುವ ಜಾಗ, ಅದು ಹೊರಳುವ ದಾರಿ ಎರಡನ್ನೂ ಸೇರಿಸಿದರೆ ಒಂದು ಕಾರು ನುಂಗುವುದು ಇಂಥ ಎರಡು ಅಂಗಡಿಗಳನ್ನು. ದೆಹಲಿಯ 2021ರ ಮಹಾಯೋಜನೆ ಒಂದು ಕಾರಿಗೆ ಬಯಲಿನಲ್ಲಿ 23 ಚದರ ಮೀಟರ್, ನೆಲಮಾಳಿಗೆಯಲ್ಲಿ 32 ಚದರ ಮೀಟರ್ ಹಿಡಿದಿದೆ. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ ಎನ್ನುವುದಕ್ಕೆ ಇದನ್ನು ಹೇಳಿದೆ.

‘ಹಂಗಾದ್ರ ಬೇಸ್‌ಮೆಂಟ್ ತೆಗೀಲಿ’ ಎನ್ನುತ್ತೀರಿ. ಒಂಬತ್ತು ಅಡಿ ಕೆಳಗಿಳಿಯಲು ಹತ್ತಕ್ಕೊಂದರ ಇಳಿಜಾರಾದರೆ ತೊಂಬತ್ತು ಅಡಿ ಉದ್ದದ ದಾರಿ ಬೇಕು, ಎಂಟಕ್ಕೊಂದರ ಇಳಿಜಾರಾದರೂ ಎಪ್ಪತ್ತೆರಡು ಅಡಿ. ಸೈಟಿನ ಉದ್ದ ನಲವತ್ತೇ ಅಡಿ. ಎರೆಮಣ್ಣಿನ ಕಡೆ ನೆಲ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಹಾನಗಲ್ಲ ಅರೆಮಲೆನಾಡು, ಅಲ್ಲಿ ಜುಲೈ ತಿಂಗಳಲ್ಲಿ ನೆಲಮಾಳಿಗೆಗೆ ಇಳಿಯುವ ನೀರನ್ನು ಮೋಟಾರು ಹಚ್ಚಿ ಎತ್ತಬೇಕು. (ನೋಡಿ, ಮೋಟಾರನ್ನೂ ಹಚ್ಚುವುದೇ.)

ಈ ನಾಲ್ಕರಲ್ಲೇ ಒಂದು ಊರಿನಲ್ಲಿ, ಯಾವುದೆಂದು ಹೇಳುವುದಿಲ್ಲ, ನಮ್ಮ ಚಿಕ್ಕಪ್ಪನನ್ನು ಕಣ್ಣಿನ ಡಾಕ್ಟರರಿಗೆ ತೋರಿಸಲು ಒಂದು ಹೊಸ ಕಾಂಪ್ಲೆಕ್ಸಿಗೆ ಕರೆದುಕೊಂಡು ಹೋಗಿದ್ದೆ. ಗೋಡೆಯ ಮೇಲೆ ಬಾಣದ ಗುರುತು ಹಾಕಿ ‘ಪಾರ್ಕಿಂಗ್’ ಎಂದು ದೊಡ್ಡದಾಗಿ ಬರೆದಿತ್ತು. ಬಾಣ ಹಿಡಿದು ಹೋದರೆ ಅರ್ಧ ಜಾಗದಲ್ಲಿ ರಸಗೊಬ್ಬರದ ಚೀಲದ ಅಟ್ಟಿ, ಉಳಿದರ್ಧಕ್ಕೆ ಪತ್ರಾಸಿನ ಬಾಗಿಲು, ಬಾಗಿಲಿಗೆ ಬೀಗ. ಚೀಲದ ಮೇಲೆ ಕೂತಿದ್ದ ಹುಡುಗ ಸಮಾಧಾನದಿಂದ ಹೇಳಿದ: ‘ಇದು ಪ್ಲ್ಯಾನಿನ್ಯಾಗ ಪಾರ್ಕಿಂಗ್ ರೀ ಕಾಕಾ. ನೀವು ಹೊರಗ ಹಚ್ರಿ.’ ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಿಯಮದ ಪೂರ್ತಿ ಚರಿತ್ರೆಯನ್ನು ಅವನು ಒಂದೇ ವಾಕ್ಯದಲ್ಲಿ ಹೇಳಿದ್ದ. ಪಾಲಿಸಲಾಗದ ನಿಯಮ ನಕ್ಷೆಯಲ್ಲಿ ಪಾಲನೆಯಾಗುತ್ತದೆ, ನೆಲದಲ್ಲಿ ಗೊಬ್ಬರದ ಗೋದಾಮಾಗುತ್ತದೆ. ನಡುವೆ ಯಾರ್ಯಾರ ಕೈ ಬೆಚ್ಚಗಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ, ಬಿಡಿ.

ಕಟ್ಟಡಕ್ಕೆ ಇಷ್ಟು ಕಾರಿನ ಜಾಗ ಇರಲೇಬೇಕೆಂಬ ಈ ಯೋಚನೆ ಎಲ್ಲಿಂದ ಬಂತು? ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ನಗರ 1923ರಲ್ಲಿ ಅಪಾರ್ಟ್‌ಮೆಂಟುಗಳಿಗೆ ಇಂಥ ಷರತ್ತು ಹಾಕಿತು. ಕ್ಯಾಲಿಫೋರ್ನಿಯಾದ ಫ್ರೆಸ್ನೊ 1939ರಲ್ಲಿ ಆಸ್ಪತ್ರೆ, ಹೋಟೆಲುಗಳಿಗೆ ಹಾಕಿತು. ಮುಂದೆ ಅದು ಊರಿಂದೂರಿಗೆ ನಕಲಾಗುತ್ತ ಹೋಯಿತು. ಲಾಸ್ ಏಂಜಲೀಸಿನಲ್ಲಿ ಪಾಠ ಹೇಳುತ್ತಿದ್ದ ಡೊನಾಲ್ಡ್ ಶೂಪ್ ಎಂಬ ಪ್ರಾಧ್ಯಾಪಕರು ತಮ್ಮ ಆಯುಷ್ಯವನ್ನೆಲ್ಲ ಈ ಒಂದು ನಿಯಮ ತಪ್ಪೆಂದು ತೋರಿಸುವುದಕ್ಕೇ ಸವೆಸಿದರು. 2005ರಲ್ಲಿ ಪುಕ್ಕಟೆ ಪಾರ್ಕಿಂಗಿನ ದುಬಾರಿ ಬೆಲೆಯ ಮೇಲೆ ಅವರ ದಪ್ಪ ಪುಸ್ತಕ ಬಂತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅಷ್ಟರೊಳಗೆ ಬಫಲೋ ನಗರ ಆ ನಿಯಮವನ್ನು ಕಿತ್ತು ಹಾಕಿತ್ತು. ಮೆಕ್ಸಿಕೊ ನಗರವಂತೂ ಅದನ್ನು ತಲೆಕೆಳಗು ಮಾಡಿ, ಇಷ್ಟಕ್ಕಿಂತ ಹೆಚ್ಚು ಕಾರಿನ ಜಾಗ ಕಟ್ಟಕೂಡದು ಎಂದಿತ್ತು. ಎರಡೂ 2017ರಲ್ಲೇ. ನಾವು ಯಾರಿಂದ ನಕಲು ಮಾಡಿದೆವೋ ಅವರೇ ಪಾಟಿ ಒರೆಸಿಕೊಳ್ಳುತ್ತಿದ್ದಾರೆ. 2021ರಲ್ಲಿ ಒಪ್ಪಿಗೆ ಪಡೆದ ಬೆಂಗಳೂರಿನ ಪಾರ್ಕಿಂಗ್ ನೀತಿ 2.0 ಕೂಡ ಮಾತಾಡುವುದು ಪುಕ್ಕಟೆ ನಿಲುಗಡೆಯನ್ನು ಬಿಟ್ಟು ವ್ಯವಸ್ಥಿತವಾದ, ಬೆಲೆ ಕೊಡುವ ನಿಲುಗಡೆಗೆ ಹೋಗುವುದನ್ನು.

ಶೂಪ್ ಅವರ ವಾದದಲ್ಲಿ ನನ್ನನ್ನು ತಟ್ಟಿದ್ದು ಒಂದೇ ಎಳೆ. ಪುಕ್ಕಟೆ ಪಾರ್ಕಿಂಗ್ ಎಂಬುದು ಇಲ್ಲವೇ ಇಲ್ಲ. ಕಾರಿನವನು ಕೊಡದ ದುಡ್ಡನ್ನು ಬೇರೆ ಯಾರೋ ಕೊಡುತ್ತಿರುತ್ತಾರೆ. ಇದನ್ನು ನಮ್ಮ ಪೇಟೆಗೆ ತಂದು ನೋಡಿ. ಬಟ್ಟೆ ಅಂಗಡಿಯವರು ಮೂರು ಕಾರಿನ ಜಾಗ ಬಿಟ್ಟರೆ ಆ ಜಾಗದ ಬೆಲೆ ಬಾಡಿಗೆಗೆ ಏರುತ್ತದೆ, ಬಾಡಿಗೆ ಸೀರೆಗೆ ಏರುತ್ತದೆ. ಆ ಸೀರೆಯನ್ನು ಕೊಳ್ಳುವವರು ಯಾರು? 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ವಾಯವ್ಯ ಸಾರಿಗೆಯ ಬಸ್ಸಿನಲ್ಲಿ ಶೂನ್ಯ ಟಿಕೆಟ್ಟಿನಲ್ಲಿ ಬಂದಿಳಿದು, ನಿಲ್ದಾಣದಿಂದ ನಡೆದೇ ಪೇಟೆಗೆ ಬರುವ ಹೆಣ್ಣುಮಕ್ಕಳು. ಬಸ್ಸಿಗೆ ದುಡ್ಡು ಕೊಡದೆ ಬಂದಾಕೆ ತನ್ನದಲ್ಲದ ಕಾರಿಗೆ ಸೀರೆಯ ರೇಟಿನಲ್ಲಿ ಬಾಡಿಗೆ ಕಟ್ಟಿ ಹೋಗಬೇಕು. ಇನ್ನೊಂದು ಕಡೆ ನೋಡಿ: ಅದೇ ರಸ್ತೆಯ ಬದಿಯಲ್ಲಿ ಮೆಂತೆ, ಕೊತ್ತಂಬರಿ ಹರವಿಕೊಂಡು ಕೂತ ಅಜ್ಜಿ ಎರಡು ಮೊಳದ ಜಾಗಕ್ಕೆ ಸಂತೆಯ ಜಕಾತಿ ಕೊಡುತ್ತಾಳೆ, ಚೀಟಿ ಇಸಿದುಕೊಳ್ಳುತ್ತಾಳೆ. ಅವಳ ಪಕ್ಕದಲ್ಲಿ ಹನ್ನೆರಡು ಚದರ ಮೀಟರ್ ಹಿಡಿದು ಮಧ್ಯಾಹ್ನದವರೆಗೆ ನಿಂತ ಕಾರಿಗೆ ಯಾವ ಜಕಾತಿಯೂ ಇಲ್ಲ. ಯಾಕಿಲ್ಲ ಎಂದು ನಾನು ಇದುವರೆಗೆ ಯಾರು ಕೇಳಿದ್ದನ್ನೂ ಕೇಳಿಲ್ಲ.

ಜಪಾನಿನವರು ಈ ಹೊರೆಯನ್ನು ಬೇರೆ ಹೆಗಲಿಗೆ ಹಾಕಿದ್ದಾರೆ. 1962ರಿಂದ ಅಲ್ಲಿ ಕಾರು ಇಟ್ಟುಕೊಳ್ಳುವವನು ಅದನ್ನು ನಿಲ್ಲಿಸಲು ತನಗೊಂದು ಜಾಗವಿದೆ ಎಂದು ತೋರಿಸಬೇಕು. ಕೇಳುವುದು ಕಾರಿನ ಒಡೆಯನನ್ನು, ಅವನು ಹೋಗಿ ಬರುವ ಅಂಗಡಿಯನ್ನಲ್ಲ.

ಸರಿ, ಪೇಟೆಗೆ ಬರುವುದಾದರೂ ಏನು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರು ಮನೆಗಳಿದ್ದರೆ ಏಳೆಂಟು ಮನೆಗಳಲ್ಲಿ ಕಾರಿದೆ, ಹೆಚ್ಚುಕಡಿಮೆ ಅರ್ಧ ಮನೆಗಳಲ್ಲಿ ದ್ವಿಚಕ್ರ ವಾಹನವಿದೆ. ಹಾನಗಲ್ಲಿನ ಪೇಟೆಯಲ್ಲಿ ಕಣ್ಣಿಗೆ ಬೀಳುವುದೂ ಅದೇ: ಸಾಲು ಸಾಲು ಬೈಕು, ನಡುನಡುವೆ ಟಂಟಂ, ಗೂಡ್ಸ್ ಆಟೋ, ಸಂತೆಯ ದಿನ ಟ್ರೇಲರ್ ಹಾಕಿದ ಟ್ರ್ಯಾಕ್ಟರು, ಅಲ್ಲೊಂದು ಇಲ್ಲೊಂದು ಚಕ್ಕಡಿ. ನಿಯಮದ ಕೋಷ್ಟಕದಲ್ಲಿ ಟ್ರ್ಯಾಕ್ಟರಿಗೆ ಒಂದು ಸಾಲೂ ಇಲ್ಲ. ಮೂರು ಕಾರು ನಿಲ್ಲುವ ಆ ಮೂವತ್ತು–ನಲವತ್ತರ ಸೈಟಿನಲ್ಲೇ, ಓಡಾಡಲು ದಾರಿ ಬಿಟ್ಟು ಮೂವತ್ತೈದು ಬೈಕು ಹಚ್ಚಬಹುದು. ಅಳತೆಗೋಲೇ ತಪ್ಪಿರುವಾಗ ಅಳೆದದ್ದು ಸರಿಯಾದೀತು ಹೇಗೆ?

ಹಾಗಾದರೆ ಏನೂ ಬೇಡವೇ? ಬೇಕು. ನನ್ನ ಮಾತು ಇಷ್ಟು: ಅಂಗಡಿ ಅಂಗಡಿಗೆ ಕಾರಿನ ಗೂಡು ಕೇಳುವುದನ್ನು ಬಿಡೋಣ, ಊರಿಗೆ ಎರಡೋ ಮೂರೋ ಕಡೆ ಎಲ್ಲರಿಗೂ ತೆರೆದಿರುವ ಬಯಲು ಮಾಡೋಣ. ಆ ಬಯಲನ್ನು ಹೇಗೆ ಮಾಡಬೇಕೆಂಬ ವಿಷಯದಲ್ಲಿ ಮಾತ್ರ ಇವತ್ತಿನ ನಿಯಮಕ್ಕಿಂತ ಹತ್ತು ಪಟ್ಟು ಹಟ ಹಿಡಿಯೋಣ. ಎಷ್ಟು ಗಾಡಿ ಎನ್ನುವುದರಲ್ಲಿ ಸಡಿಲ, ಎಂಥ ಜಾಗ ಎನ್ನುವುದರಲ್ಲಿ ಬಿಗಿ.

ಎಂಥ ಜಾಗ ಎಂದು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ, ಒಂದು ಬೈಕು ಹಚ್ಚುವವನನ್ನು ನೋಡಿದರೆ ಸಾಕು. ಮಳೆಗಾಲದಲ್ಲಿ ಒಬ್ಬ ಯಜಮಾನರು ರಸ್ತೆ ಬದಿಯ ರಾಡಿಯಲ್ಲಿ ಗಾಡಿ ನಿಲ್ಲಿಸಿ, ಸೈಡ್ ಬಾಕ್ಸಿನಿಂದ ಒಂದು ಹಂಚಿನ ಚೂರು ತೆಗೆದು, ಬಗ್ಗಿ ಸ್ಟ್ಯಾಂಡಿನ ಕೆಳಗೆ ಇಟ್ಟರು. ಗಾಡಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿದರು. ತಿರುಗಿ ಬಂದಾಗ ಆ ಚೂರನ್ನು ನೀರಿನಲ್ಲಿ ಅದ್ದಿ ತೊಳೆದು ಮತ್ತೆ ಬಾಕ್ಸಿಗೆ ಹಾಕಿಕೊಂಡರು. ಸಾವಿರಾರು ಬೈಕಿನ ಊರಿನಲ್ಲಿ ಸೈಡ್ ಸ್ಟ್ಯಾಂಡ್ ಹೂಳದ ನೆಲ ಬೇಕೆಂದು ಯಾವ ನಿಯಮದಲ್ಲೂ ಬರೆದಿಲ್ಲ. ಬರೆದದ್ದು ಅವರ ಸೈಡ್ ಬಾಕ್ಸಿನಲ್ಲಿ. ಬೈಕಿನ ಸಾಲಿಗೆ ಫರಸಿಕಲ್ಲೋ ಸಿಮೆಂಟಿನ ಬ್ಲಾಕೋ ಹಾಸಿದರೆ ಸಾಕು, ಉಳಿದದ್ದಕ್ಕೆ ಗಟ್ಟಿಯಾಗಿ ಬಡಿದ ಗರಸು ನಡೆಯುತ್ತದೆ. ನೂರಕ್ಕೊಂದರ ಇಳಿಜಾರು ಕೊಟ್ಟರೆ ನೀರು ಹರಿದು ಹೋಗುತ್ತದೆ, ಬೈಕು ವಾಲುವುದಿಲ್ಲ. ಇಡೀ ಬಯಲಿಗೆ ಕಾಂಕ್ರೀಟು ಸುರಿಯಬೇಕೆಂದು ಗುತ್ತಿಗೆದಾರರಿಗೆ ಆಸೆ ಇರುತ್ತದೆ. ಏಪ್ರಿಲ್ ತಿಂಗಳಲ್ಲಿ ಅದರ ಮೇಲೆ ಬರಿಗಾಲಲ್ಲಿ ನಡೆಸಿ ನೋಡಿ, ಆಸೆ ಇಳಿಯುತ್ತದೆ.

ಟ್ರ್ಯಾಕ್ಟರಿನದು ಬೇರೆಯೇ ಪಾಡು. ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆಯುವುದನ್ನು ನೀವು ನೋಡಿದ್ದೀರಿ. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೋಗುತ್ತದೆ. ಸ್ವಲ್ಪ ಹೆಚ್ಚಾದರೆ ಎರಡೂ ಕತ್ತರಿಯಂತೆ ಮಡಚಿಕೊಳ್ಳುತ್ತವೆ. ಹಿಂದೆ ಒಬ್ಬ ಹುಡುಗ ನಿಂತು ‘ಬರ್ಲಿ, ಬರ್ಲಿ, ಹೋಲ್ಡ್!’ ಎಂದು ಕೂಗಬೇಕು, ಅಷ್ಟರಲ್ಲಿ ಎರಡೂ ಕಡೆ ಬಸ್ಸುಗಳು ಹಾರ್ನ್ ಹೊಡೆಯುತ್ತಿರಬೇಕು. ಒಂದೇ ಬಾಗಿಲಿನ ಪಾರ್ಕಿಂಗಿಗೆ ಇಂಥ ಗಾಡಿ ಒಳಹೋದರೆ ಹೊರಬರುವುದು ಯುದ್ಧ. ಆದ್ದರಿಂದ ಬಯಲಿಗೆ ಎರಡು ಬಾಗಿಲು ಬೇಕು, ಒಂದು ಕಡೆ ನುಗ್ಗಿ ಇನ್ನೊಂದು ಕಡೆ ನೇರ ಹೊರಡುವ ಹಾಗೆ. ಎರಡೂ ಬಾಗಿಲು ಮೂರು ರಸ್ತೆ ಕೂಡುವ ಸರ್ಕಲ್ಲಿನಿಂದ ದೂರ ಇರಬೇಕು. ಇಷ್ಟು ಮಾಡಿದರೆ ಸಂತೆಯ ದಿನದ ಅರ್ಧ ಗದ್ದಲ ಇಳಿಯುತ್ತದೆ ಎನ್ನುವುದು ನನ್ನ ಅಂದಾಜು.

ಇನ್ನು ನೆರಳು. ಗಾಡಿ ಹಚ್ಚುವ ಮೊದಲು ಗಿಡ ಹಚ್ಚಬೇಕು. ಬೇವು, ಹೊಂಗೆ ನಮ್ಮ ನೆಲಕ್ಕೆ ಒಗ್ಗಿದವು. ಮಾವಿನ ಸೀಮೆ ಎಂಬ ಅಭಿಮಾನಕ್ಕೆ ಹಾನಗಲ್ಲಿನವರು ಮಾವು ಹಚ್ಚಿದರೆ ಕಾಯಿ ಬಿಡುವ ಕಾಲಕ್ಕೆ ಹುಡುಗರ ಕಲ್ಲಿಗೂ ಕಾರಿನ ಗಾಜಿಗೂ ಬಗೆಹರಿಯದ ವ್ಯಾಜ್ಯ ಹುಟ್ಟುತ್ತದೆ. ಸವಣೂರಿನ ದೊಡ್ಡಹುಣಸೆ ಮಠದ ಆ ಭಾರಿ ಬಾವೊಬಾಬ್ ಮರಗಳು ಊರಿನ ಹೆಮ್ಮೆ. ಆದರೆ ಅವು ಬೇಸಿಗೆಯಲ್ಲಿ ಎಲೆ ಉದುರಿಸಿ ಬರಿದಾಗಿ ನಿಲ್ಲುವ ಜಾತಿ, ನೆರಳಿಗೆ ಒದಗುವುದಿಲ್ಲ. ಅವನ್ನು ನೋಡಲು ಬಂದವರ ಗಾಡಿ ಅವುಗಳ ಬೇರಿನ ಮೇಲೆ ನಿಲ್ಲದಂತೆ ನೋಡಿಕೊಂಡರೆ ಅದೇ ದೊಡ್ಡ ಸೇವೆ. ಗಾಡಿಯ ಭಾರಕ್ಕೆ ಮಣ್ಣು ಗಟ್ಟಿಯಾದರೆ ಎಂಥ ಮರಕ್ಕೂ ಉಸಿರು ಕಟ್ಟುತ್ತದೆ.

ಒಂದು ನಿಯಮವನ್ನು ಮಾತ್ರ ಒಂದಿಂಚೂ ಬಿಡಕೂಡದು. ಅಂಗವಿಕಲರಿಗಾಗಿ ಮೀಸಲಿಡುವ ಕಾರಿನ ಜಾಗ 3.6 ಮೀಟರ್ ಅಗಲ ಇರಬೇಕು, ಬಾಗಿಲಿನಿಂದ 30 ಮೀಟರಿನೊಳಗೆ ಇರಬೇಕು ಎಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಗಾಲಿಕುರ್ಚಿಯನ್ನು ಕಾರಿನ ಬಾಗಿಲ ಪಕ್ಕಕ್ಕೆ ತಂದು ಇಳಿಸಿಕೊಳ್ಳಲು ಆ ಹೆಚ್ಚಿನ ಅಗಲ ಬೇಕೇ ಬೇಕು. ಕಣ್ಣು ಕಾಣದ ಚಿಕ್ಕಪ್ಪನನ್ನು ಗೊಬ್ಬರದ ಚೀಲಗಳ ನಡುವೆ ಕೈಹಿಡಿದು ನಡೆಸಿದವನು ನಾನು. ಆಸ್ಪತ್ರೆ, ಬ್ಯಾಂಕು, ತಹಶೀಲ್ದಾರ್ ಕಚೇರಿ ಯಾವುದೇ ಇರಲಿ, ಇದೊಂದು ಗೂಡು ಕಡ್ಡಾಯ ಇರಲಿ. ಬಯಲಿನಲ್ಲಿ ಹೆಂಗಸರಿಗೆ ಒಂದು ಶೌಚಾಲಯ, ಕುಡಿಯುವ ನೀರು, ರಾತ್ರಿ ಬೆಳಕು ಇರಬೇಕೆಂದು ಬೇರೆ ಹೇಳಬೇಕಿಲ್ಲ. ಆದರೂ ಹೇಳಿದೆ, ಯಾಕೆಂದರೆ ಅಂದಾಜುಪಟ್ಟಿ ಕತ್ತರಿಸುವಾಗ ಮೊದಲು ಹೋಗುವುದು ಅವೇ.

ಬಯಲು ಎಲ್ಲಿದೆ ಎಂದು ಕೇಳುತ್ತೀರಿ. ಊರೂರಿಗೆ ಉತ್ತರ ಬೇರೆ. ಹಾನಗಲ್ಲಿನಲ್ಲಿ ತಾರಕೇಶ್ವರ ಗುಡಿಯ ಸುತ್ತ 100 ಮೀಟರ್ ಒಳಗೆ ಹೊಸದೇನೂ ಕಟ್ಟುವಂತಿಲ್ಲ, ಅದರಾಚೆ 200 ಮೀಟರಿಗೆ ಅನುಮತಿ ಬೇಕು. ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿ ಇದು. ಇದನ್ನು ಊರವರು ತೊಡಕೆಂದು ಬೈಯುತ್ತಾರೆ, ನನಗೆ ಅನುಕೂಲವೆನ್ನಿಸುತ್ತದೆ. ಆ ಗುಡಿಯ ಛತ್ತಿನ ಕಲ್ಲಿನ ಕಮಲವನ್ನು ನೋಡಲು ಬರುವವರು ನೂರಿನ್ನೂರು ಮೀಟರ್ ಪೇಟೆಯೊಳಗಿಂದ ನಡೆದು ಬಂದರೆ ದಾರಿಯ ಚಹಾ ಅಂಗಡಿಗೂ ಎರಡು ಕಾಸು ಹುಟ್ಟುತ್ತದೆ. ಶಿಗ್ಗಾವಿಗೆ ಪುಣೆ–ಬೆಂಗಳೂರು ಹೆದ್ದಾರಿಯೇ ಮಗ್ಗುಲಲ್ಲಿದೆ. ಅಲ್ಲಿನ ಪ್ರಶ್ನೆ ಸರ್ವಿಸ್ ರಸ್ತೆಯಲ್ಲಿ ನಿಲ್ಲುವ ಲಾರಿಗಳದ್ದು, ಅದಕ್ಕೆ ಹೆದ್ದಾರಿಯವರೇ ಜಾಗ ಕೊಡಬೇಕು. ಸವಣೂರಿನ ನವಾಬರ ಕಾಲದ ಓಣಿಗಳಿಗೆ ಯಾವ ನಿಯಮ ತಂದರೂ ಅವು ಅಗಲವಾಗುವುದಿಲ್ಲ. ಅಲ್ಲಿ ಗಾಡಿಯನ್ನು ಹೊರಗೇ ಹಚ್ಚಿ ನಡೆದು ಹೋಗುವುದೇ ದಾರಿ.

ಹಿರೇಕೆರೂರಿನ ವಿಷಯ ಸ್ವಲ್ಪ ನಿಂತು ಹೇಳಬೇಕು. ಹೆಸರಿನಲ್ಲೇ ಹಿರಿಯ ಕೆರೆ ಇರುವ ಊರು, ಪಕ್ಕದಲ್ಲೇ ದುರ್ಗಾದೇವಿ ಕೆರೆ. ಕೆರೆಯ ಅಂಚಿನಲ್ಲಿ ಗಾಡಿಗೆ ಜಾಗ ಮಾಡಿ ಎಂದು ಯಾರೂ ಇನ್ನೂ ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ, ಕೇಳುವ ಮೊದಲೇ ಬೇಡವೆಂದು ಹೇಳಿಬಿಡುತ್ತೇನೆ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ. ಸಮತಟ್ಟಾದ, ಯಾರದ್ದೂ ಅಲ್ಲದ, ದುಡ್ಡಿಲ್ಲದೆ ಸಿಗುವ ನೆಲ ಎಂದರೆ ಸರ್ಕಾರದ ಕಣ್ಣಿಗೆ ಮೊದಲು ಬೀಳುವುದು ಕೆರೆಯೇ.

ಹೊಸ ಜಾಗ ಕೊಳ್ಳುವುದಕ್ಕಿಂತ ಇರುವ ಜಾಗ ಹಂಚಿಕೊಳ್ಳುವುದು ಮೇಲು. ಎಪಿಎಂಸಿ ಪ್ರಾಂಗಣದ ಅಗಲ ರಸ್ತೆಗಳು ಸವಾಲು ಮುಗಿದ ಮೇಲೆ ಖಾಲಿ. ಶಾಲೆಯ ಬಯಲು ರವಿವಾರ ಖಾಲಿ. ಕಲ್ಯಾಣ ಮಂಟಪದ ಅಂಗಳ ಮುಹೂರ್ತವಿಲ್ಲದ ದಿನ ಖಾಲಿ. ಮದುವೆಗೆ ಬಂದವರಿಗೆ ನಾಲ್ಕು ತಾಸಿನ ಜಾಗ ಬೇಕು, ಔಷಧಿ ಅಂಗಡಿಗೆ ಬಂದವನಿಗೆ ಹತ್ತು ನಿಮಿಷದ್ದು. ಎಲ್ಲರೂ ತಮ್ಮ ತಮ್ಮ ಬೇಲಿಯೊಳಗೆ ತಮ್ಮ ತಮ್ಮ ಗೂಡು ಕಟ್ಟಿಕೊಂಡರೆ ಊರಿನ ಅರ್ಧ ನೆಲ ಯಾವಾಗಲೂ ಖಾಲಿ, ಇನ್ನರ್ಧ ಯಾವಾಗಲೂ ತುಂಬಿರುತ್ತದೆ. ಬಹುಮಹಡಿ ಹೈಟೆಕ್ ಪಾರ್ಕಿಂಗ್ ಎನ್ನುವ ಆಸೆಯುಳ್ಳವರು ಬೆಂಗಳೂರಿನ ಫ್ರೀಡಂ ಪಾರ್ಕಿನ ಕಟ್ಟಡ ನೋಡಿ ಬರಬಹುದು: 556 ಕಾರು, 445 ದ್ವಿಚಕ್ರಗಳ ಜಾಗ; ಕಟ್ಟಿ ಮುಗಿದ ಮೇಲೂ ಬಹಳ ಕಾಲ ಬೀಗ ಬಿದ್ದಿದ್ದು 2024ರಲ್ಲಿ ತೆರೆಯಿತು. ರಸ್ತೆ ಬದಿ ಪುಕ್ಕಟೆ ಇರುವವರೆಗೆ ಮೇಲೆ ಹತ್ತಿ ದುಡ್ಡು ಕೊಡುವವರಾರು?

ಎರಡು ಆಕ್ಷೇಪಗಳು ನ್ಯಾಯವಾದವು. ಮೊದಲನೆಯದು, ನಿಯಮ ತೆಗೆದರೆ ಕಟ್ಟುವವರು ಲಾಭವನ್ನು ಜೇಬಿಗಿಳಿಸಿ ಗಾಡಿಗಳನ್ನು ರಸ್ತೆಗೆ ತಳ್ಳುತ್ತಾರೆ. ಹೌದು. ಅದಕ್ಕೇ ಜಾಗ ಬಿಡುವ ಬದಲು ಅವರಿಂದ ಪುರಸಭೆ ಒಂದು ಶುಲ್ಕ ಕಟ್ಟಿಸಿಕೊಳ್ಳಲಿ, ಆ ದುಡ್ಡು ಬಯಲಿಗೇ ಹೋಗಲಿ, ಲೆಕ್ಕ ಬಯಲಿನ ಬೋರ್ಡಿನ ಮೇಲೇ ಇರಲಿ. ಪೇಟೆಯ ರಸ್ತೆ ಬದಿಗೆ ಕಾರಿಗೆ ತಾಸಿಗಿಷ್ಟು ಎಂದು ದರ ಇಟ್ಟು ಬಯಲನ್ನು ಪುಕ್ಕಟೆ ಬಿಟ್ಟರೆ ಗಾಡಿಗಳು ತಾವೇ ಅಲ್ಲಿಗೆ ಹೋಗುತ್ತವೆ, ಪೊಲೀಸರ ಸೀಟಿ ಬೇಕಾಗುವುದಿಲ್ಲ. ಎರಡನೆಯದು, ಇಪ್ಪತ್ತು ವರ್ಷಗಳಲ್ಲಿ ಮನೆಗೊಂದು ಕಾರು ಬಂದರೆ? ಬರಬಹುದು. ಆಗ ಬಯಲಿನ ಸುಣ್ಣದ ಗೆರೆ ಅಳಿಸಿ ಬೇರೆ ಗೆರೆ ಎಳೆಯಬಹುದು. ಕಾರು ಬರದಿದ್ದರೆ ಅಲ್ಲೇ ಸಂತೆ ಹೂಡಬಹುದು, ಬಯಲಾಟ ಆಡಿಸಬಹುದು. ಕಟ್ಟಡಗಳ ಹೊಟ್ಟೆಯಲ್ಲಿ ಹುಗಿದ ನೂರು ಗೂಡುಗಳನ್ನು ಮಾತ್ರ ಮತ್ತೆ ಹೊರತೆಗೆಯಲಾಗುವುದಿಲ್ಲ.

ಹಾನಗಲ್ಲ, ಶಿಗ್ಗಾವಿ, ಸವಣೂರಿನ ಪುರಸಭೆಗಳಲ್ಲೂ ಹಿರೇಕೆರೂರಿನ ಪಟ್ಟಣ ಪಂಚಾಯಿತಿಯಲ್ಲೂ ಕೂತಿರುವ ಹಿರಿಯರಲ್ಲಿ ಒಂದೇ ಕೋರಿಕೆ. ಮುಂದಿನ ಕಟ್ಟಡದ ನಕ್ಷೆಗೆ ಸಹಿ ಮಾಡುವ ಮೊದಲು ಒಂದು ಸಂತೆಯ ದಿನ, ಮುಂಜಾನೆ ಹತ್ತರಿಂದ ಸಂಜೆ ಐದರವರೆಗೆ ಇಬ್ಬರು ಹುಡುಗರನ್ನು ಪೇಟೆಯಲ್ಲಿ ನಿಲ್ಲಿಸಿ ಬಂದ ಗಾಡಿಗಳನ್ನು ಎಣಿಸಿ: ಕಾರೆಷ್ಟು, ಬೈಕೆಷ್ಟು, ಟ್ರ್ಯಾಕ್ಟರೆಷ್ಟು, ನಡೆದು ಬಂದವರೆಷ್ಟು. ನೋಟ್‌ಬುಕ್ಕು, ಪೆನ್ನು, ಹುಡುಗರ ಮಧ್ಯಾಹ್ನದ ಊಟ ನನ್ನ ಖರ್ಚು.